ವೈಫೈಗೂ ಒಂದು ‘ಯಾರ ಪೈಕಿ?’

ನಮ್ಮ ಕಾಕಾನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ, ಅನುಭವದಿಂದ. ಬರೆದರೆ ಅವರು ಪುಸ್ತಕ ಹಿಡಿದುಕೊಂಡು ಬಂದು, “ಈ ಹೆಸರಿನಾಂವ ನಾನ ಅಂತ ಹೇಳಾಕ ನಿನ್ನ ಕಡೆ ಏನ್ ಪುರಾವಿ ಐತಿ?” ಎಂದು ಕೇಳುತ್ತಾರೆ. ನಾನು ಅವರ ಒಡಹುಟ್ಟಿದ ಅಣ್ಣನ ಮಗಳು. ಆ ಮಾತಿಗೂ ಪುರಾವೆ ಕೇಳಿದರೆ ಏನು ಮಾಡಲಿ? ಅಪ್ಪನನ್ನು ಕರೆದುಕೊಂಡು ಹೋಗಿ ನಿಲ್ಲಿಸಬೇಕು. ಆಮೇಲೆ ಅಪ್ಪನಿಗೆ ಪುರಾವೆ!

ಉತ್ಪ್ರೇಕ್ಷೆ ಎನ್ನಬೇಡಿ. ಒಮ್ಮೆ ಅಪ್ಪ ಹೊಸ ಸಿಮ್ ತೆಗೆದುಕೊಂಡು, ಮೊದಲ ಕರೆಯನ್ನು ಪ್ರೀತಿಯಿಂದ ತಮ್ಮನಿಗೇ ಮಾಡಿದರು.

“ನಾನೋ, ನಿಮ್ಮಣ್ಣ ಮಾತಾಡಾಕತ್ತೇನಿ.”

“ಎಲ್ಲಾರೂ ಹಂಗ ಅಂತಾರ. ಸಾಲ್ಯಾಗ ಮೂರನೇತ್ತಾ ಇದ್ದಾಗ ನಾ ಯಾವ ಕಾಲ ಮುರಕೊಂಡಿದ್ದೆ, ಹೇಳು ನೋಡೂಣು?”

“ಎಡಗಾಲಲ್ಲೋ! ಒಂದ ತಿಂಗಳ ನಿನ್ನನ್ನ ಹೆಗಲ ಮ್ಯಾಲ ಹೊತ್ಕೊಂಡ ಸಾಲಿಗೆ ಬಿಟ್ಟ ಬಂದೇನಿ.”

“ತಪ್ಪು. ಕಾಲ ಮುರದ ಇರಲಿಲ್ಲ. ನಡಕೊಂಡ ಹೋಗಾಕ ಬ್ಯಾಸರಾಗಿತ್ತು.”

ಕರೆ ಕಟ್ಟಾಯಿತು. ಅಣ್ಣನಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಉತ್ತರವನ್ನು ಅಣ್ಣನಿಂದ ಕೇಳಿ, ಅಣ್ಣನನ್ನೇ ಫೇಲು ಮಾಡಿದ ಮಹಾನುಭಾವರು ನಮ್ಮ ಕಾಕಾ. ಅರವತ್ತು ದಾಟಿದ ಅಪ್ಪ ಆ ದಿನವೆಲ್ಲ ಮೂಡಲಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಹೆಗಲು ಸವರಿಕೊಳ್ಳುತ್ತ ಕುಳಿತಿದ್ದರು. ಆ ನೋವು ಐವತ್ತು ವರ್ಷ ತಡವಾಗಿ ಶುರುವಾಗಿತ್ತು.

ನಮ್ಮ ಕಡೆ ಗುರುತು ಕೇಳುವುದು ಹೊಸದೇನಲ್ಲ ಬಿಡಿ. ಹೊಸಬರು ಎದುರಾದರೆ ನಾವು ಮೊದಲು ಹೆಸರು ಕೇಳುವುದಿಲ್ಲ. ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದಲ್ಲ! ಕೇಳುವುದು “ಯಾವೂರ್ರಿ? ಯಾರ ಪೈಕಿ?” ಎಂದು. ಅವರು ತಮ್ಮ ಸಂಬಂಧಿಕರೊಬ್ಬರ ಹೆಸರು ಹೇಳುತ್ತಾರೆ. ಗೊತ್ತಿಲ್ಲ ಎಂದರೆ ಆ ಸಂಬಂಧಿಕರ ಬೀಗರ ಹೆಸರು ಹೇಳುತ್ತಾರೆ. ಅದೂ ಗೊತ್ತಿಲ್ಲ ಎಂದರೆ ಬೀಗರ ತಾಯಿಯ ತವರುಮನೆ. ಹೀಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತುತ್ತ ಹತ್ತುತ್ತ, ಇಬ್ಬರಿಗೂ ಗೊತ್ತಿರುವ ಒಬ್ಬ ಹಿರಿಯರು ಸಿಕ್ಕ ಕ್ಷಣ “ಹಂಗಂದ್ರ ನಮ್ಮಾವ್ರ ಆದ್ರಲ್ರಿ!” ಎಂದು ಒಳಗೆ ಕರೆದು ಚಹಾ ಕೊಡುತ್ತೇವೆ. ಉಳಿದವರ ಮನೆಯಲ್ಲಿ ಇದಕ್ಕೆ ಎರಡು ನಿಮಿಷ ಸಾಕು. ಗೋಕಾಕದಲ್ಲಿರುವ ಕಾಕಾನ ಗೇಟಿನಲ್ಲಿ ಅರ್ಧ ಗಂಟೆ ಬೇಕು, ಚಹಾ ಮಾತ್ರ ಬರುವುದಿಲ್ಲ.

ಧುಪದಾಳದಿಂದ ಲಗ್ನಪತ್ರಿಕೆ ಕೊಡಲು ಬಂದ ಒಬ್ಬ ಹಿರಿಯರಿಗೆ ಹೀಗೇ ಆಯಿತು. ಗೇಟಿನ ಆಚೆ ಅವರು, ಈಚೆ ಕಾಕಾ. ಮಾವನ ಹೆಸರಾಯಿತು, ಮಾವನ ಸಾಡೂನ, ಅಂದರೆ ಷಡ್ಡಕನ, ಹೆಸರಾಯಿತು, ಹಿಡಕಲ್ ಡ್ಯಾಮಿನಲ್ಲಿ ಗೇಟು ಎತ್ತುತ್ತಿದ್ದ ಅಜ್ಜನ ಹೆಸರಾಯಿತು. ಕಾಕಾ ಪ್ರತಿ ಹೆಸರಿಗೂ ಕಣ್ಣುಮುಚ್ಚಿ ಯೋಚಿಸಿ, “ಮುಂದ?” ಎನ್ನುತ್ತಿದ್ದರು. ಕೊನೆಗೆ ಆ ಹಿರಿಯರು ಬೆವರು ಒರೆಸಿಕೊಂಡು, “ಅಲ್ರೀ ಸರ್, ನಾ ಲಗ್ನದ ಪತ್ರಿಕಿ ಕೊಡಾಕ ಬಂದೇನ್ರಿ, ಕನ್ಯಾ ಕೇಳಾಕ ಬಂದಿಲ್ಲ” ಎಂದು ಪತ್ರಿಕೆಯನ್ನು ಗೇಟಿನ ಸರಳಿಗೆ ಸಿಕ್ಕಿಸಿ ಹೋದರು. ಕಾಕಾ ಮದುವೆಗೆ ಹೋಗಲಿಲ್ಲ. ಪತ್ರಿಕೆ ತಂದವರು ಯಾರೆಂದು ಖಾತ್ರಿಯಾಗದೆ ಹೋಗುವುದು ಹೇಗೆ?

ಇನ್ನು ಕರದಂಟು. ಗೋಕಾಕಕ್ಕೆ ಬಂದವರು ಕರದಂಟು ಒಯ್ಯದೆ ಹೋದರೆ ಬಂದ ಪುಣ್ಯವೇ ಇಲ್ಲ ಎನ್ನುವ ಊರಿನಲ್ಲಿ ಕಾಕಾ ಈವರೆಗೂ ಕರದಂಟು ಕೊಂಡಿಲ್ಲ. ಯಾಕೆಂದರೆ ಪ್ರತಿ ಅಂಗಡಿಯ ಡಬ್ಬಿಯ ಮೇಲೂ ‘ಅಸಲಿ’ ಎಂದು ಬರೆದಿದೆ. “ಅಸಲಿ ಅಂತ ಯಾರ ಹೇಳಿದ್ರು?” ಎಂದು ಅಂಗಡಿಯವರನ್ನು ಕೇಳಿದರು. “ನಾವ ಹೇಳತೇವಲ್ರಿ” ಎಂದರು ಅವರು. ಕಾಕಾ ನನ್ನ ಕಡೆ ತಿರುಗಿ, “ನೋಡವಾ, ತನ್ನ ಸರ್ಟಿಫಿಕೇಟಿಗೆ ತಾನ ಸಹಿ ಮಾಡ್ಕೊಂಡಾನ. ಇದು ನಡ್ಯೂದಿಲ್ಲ” ಎಂದರು. ನಾನು ಬಾಯಲ್ಲಿ ಊರಿದ ನೀರನ್ನು ನುಂಗಿಕೊಂಡು ಅವರ ಹಿಂದೆ ನಡೆದೆ.

ಇಂಥ ಮನುಷ್ಯನ ಕೈಗೆ ಒಂದು ಕಾಲೇಜಿನ ವೈಫೈ ಕೊಟ್ಟರೆ ಏನಾಗಬೇಕು? ಅದೇ ಆಯಿತು.

ನಮ್ಮ ಸಂಸ್ಥೆಗೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಮೂರು ಕಾಲೇಜುಗಳಿವೆ. ಗೋಕಾಕದಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ, ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಮೂರೂ ಕಡೆಯ ಕಂಪ್ಯೂಟರು, ತಂತಿ, ವೈಫೈ ಎಲ್ಲ ಕಾಕಾನ ಜವಾಬ್ದಾರಿ. ಮೊದಲು ನಮ್ಮ ವೈಫೈಗೆ ಒಂದೇ ಪಾಸ್‌ವರ್ಡ್ ಇತ್ತು, ಅದನ್ನು ನೋಟಿಸ್ ಬೋರ್ಡಿನ ಮೇಲೇ ಅಂಟಿಸಿದ್ದರು. ರಸ್ತೆಯಾಚೆಯ ಪಾನ್ ಅಂಗಡಿಯವನು ನಮ್ಮ ವೈಫೈನಲ್ಲೇ ಕುಸ್ತಿ ನೋಡುತ್ತಿದ್ದ. ಒಂದು ದಿನ ಅದು ನಿಂತಾಗ ಪ್ರಿನ್ಸಿಪಾಲರ ಕೋಣೆಗೇ ಬಂದು ದೂರು ಕೊಟ್ಟ!

ಕಾಕಾ ಅದನ್ನೆಲ್ಲ ಕಿತ್ತು, ಪ್ರತಿಯೊಬ್ಬರಿಗೂ ಅವರವರದೇ ಹೆಸರು, ಅವರವರದೇ ಪಾಸ್‌ವರ್ಡ್ ಎಂದು ಮಾಡಿದರು. ಅಷ್ಟಕ್ಕೇ ನಿಂತರೆ ಅವರು ಕಾಕಾ ಹೇಗಾದಾರು? ನಮ್ಮ ಫೋನು ಪಾಸ್‌ವರ್ಡ್ ಕೊಡುವ ಮೊದಲು ಆಚೆ ಇರುವ ಸರ್ವರಿನ ಸರ್ಟಿಫಿಕೇಟು ಕೇಳಿ ನೋಡಬೇಕು, ಅದು ಖರೆ ಎಂದು ಖಾತ್ರಿಯಾದ ಮೇಲೆಯೇ ಪಾಸ್‌ವರ್ಡ್ ಒಪ್ಪಿಸಬೇಕು ಎಂದು ಕಟ್ಟಳೆ ಮಾಡಿದರು. ಅಂದರೆ ಮನೆಯ ಗೇಟನ್ನು ತಂದು ನಮ್ಮೆಲ್ಲರ ಫೋನಿಗೂ ಹಾಕಿದರು.

ನಾವು ಏನು ಮಾಡಿದೆವು? ಕಲಿತವರು ಮಾಡುವುದನ್ನೇ ಮಾಡಿದೆವು. ಸೆಟ್ಟಿಂಗಿನಲ್ಲಿ ‘ಪರಿಶೀಲಿಸಬೇಡ’ ಎಂಬ ಒಂದು ಸಾಲು ಇತ್ತು, ಎಲ್ಲರೂ ಅದನ್ನೇ ಒತ್ತಿದೆವು. ಇತಿಹಾಸದ ಮಾಸ್ತರರು, “ಇಷ್ಟ ವರ್ಷ ಯಾರನ್ನೂ ಪರಿಶೀಲಿಸದ ನೌಕರಿ ಮಾಡೇನಿ, ಈಗೇನ ಹೊಸಾದು?” ಎಂದರು. ಅವರ ಪಾಠ ಕೇಳಿದವರಿಗೆ ಆ ಮಾತಿನ ಸತ್ಯ ಗೊತ್ತು.

ಕಾಕಾ ಮರುದಿನ ಒಂದು ಊಟದ ಡಬ್ಬಿ ತಂದು ಸ್ಟಾಫ್ ರೂಮಿನ ಕಪಾಟಿನ ಮೇಲಿಟ್ಟರು. ಎಷ್ಟೇ ಕೆಲಸವಿರಲಿ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಮನೆಗೇ ಹೋಗುವ ಮನುಷ್ಯ ಡಬ್ಬಿ ತಂದದ್ದನ್ನು ನೋಡಿಯಾದರೂ ನಮಗೆ ಅನುಮಾನ ಬರಬೇಕಿತ್ತು! ಅದರೊಳಗಿದ್ದದ್ದು ರೊಟ್ಟಿಯಲ್ಲ, ಒಂದು ಪುಟ್ಟ ಯಂತ್ರ. ಅದಕ್ಕೆ ನಮ್ಮ ಕಾಲೇಜಿನ ವೈಫೈನ ಹೆಸರನ್ನೇ ಇಟ್ಟಿದ್ದರು. ನಮ್ಮ ಫೋನುಗಳು ಹೆಸರು ನೋಡಿದ್ದೇ ತಡ, ನೀನು ಯಾರು ಎತ್ತ ಎಂದು ಕೇಳದೆ, ನಮ್ಮ ಪಾಸ್‌ವರ್ಡುಗಳನ್ನು ಆ ಡಬ್ಬಿಗೆ ಒಂದರ ಹಿಂದೊಂದು ಒಪ್ಪಿಸಿಬಿಟ್ಟವು.

ಸಂಜೆ ಕಾಕಾ ಸ್ಟಾಫ್ ರೂಮಿನ ಹಲಗೆಯ ಮೇಲೆ ಪಾಸ್‌ವರ್ಡ್ ಬರೆಯಲಿಲ್ಲ. ಅಷ್ಟು ಸಭ್ಯತೆ ಅವರಿಗಿದೆ. “ಒಬ್ಬರ ಪಾಸ್‌ವರ್ಡಿನಲ್ಲಿ ಅತ್ತೆಯ ಹೆಸರೂ ಒಂದು ಶಾಪವೂ ಇದೆ. ದಯಮಾಡಿ ಎರಡನ್ನೂ ಬದಲಿಸಬೇಕು” ಎಂದಷ್ಟೇ ಬರೆದರು. ಮೂವರು ಮೇಡಮ್ಮಂದಿರು, ಇಬ್ಬರು ಸರ್‌ಗಳು ಒಟ್ಟಿಗೆ ಎದ್ದು ಹೋಗಿ ಪಾಸ್‌ವರ್ಡ್ ಬದಲಿಸಿದರು. ಯಾರೂ ‘ಪರಿಶೀಲಿಸಬೇಡ’ವನ್ನು ಮಾತ್ರ ಬದಲಿಸಲಿಲ್ಲ. ಕಳ್ಳ ಬಂದು ಬಾಗಿಲು ತೋರಿಸಿ ಹೋದರೆ ನಾವು ಕಳ್ಳನನ್ನು ಬೈಯುತ್ತೇವೆಯೇ ಹೊರತು ಬಾಗಿಲು ಹಾಕುವುದಿಲ್ಲ.

ಹೀಗಿರುವಾಗ ಆಡಳಿತ ಮಂಡಳಿಯ ಅಧ್ಯಕ್ಷರು ಹೊಸ ಫೋನು ಕೊಂಡರು. ಹೊಸ ಫೋನುಗಳಲ್ಲಿ ಆ ‘ಪರಿಶೀಲಿಸಬೇಡ’ ಎಂಬ ಸಾಲೇ ಇಲ್ಲ. ಪರಿಶೀಲಿಸಲೇಬೇಕು! ಕಾಕಾ ಖುಷಿಯಿಂದ, “ನೋಡವಾ, ಫೋನ ಮಾಡಾವ್ರಿಗೂ ಬುದ್ಧಿ ಬಂತು” ಎಂದರು. ಅದೇ ವಾರ ಸರ್ವರಿನ ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿಯುವುದಿತ್ತು. ಕಾಕಾ ಮುಂಚೆಯೇ ಹೊಸದನ್ನು ತರಿಸಿ ಹಾಕಿದರು. ಹಾಕಿದ ದಿನವೇ ಅಧ್ಯಕ್ಷರು ಗೋಕಾಕ ಕಾಲೇಜಿಗೆ ಬಂದು ಫೋನು ತೆಗೆದರೆ, ‘ಈ ಸರ್ವರನ್ನು ನಂಬಲು ಆಗುವುದಿಲ್ಲ’ ಎಂದು ಬಂತು. ಮೂಡಲಗಿಯಲ್ಲೂ ಅದೇ, ಹುಕ್ಕೇರಿಯಲ್ಲೂ ಅದೇ. ಹೊಸ ಫೋನು ಹಿಡಿದವರೆಲ್ಲ ಹೊರಗೆ!

ಅಧ್ಯಕ್ಷರು ಸಿಟ್ಟಾದರು. ಅವರ ಸಂಸ್ಥೆಯ ಸರ್ವರನ್ನು ಅವರದೇ ಫೋನು ನಂಬುವುದಿಲ್ಲ ಎಂದರೆ ಸಿಟ್ಟು ಬರದೆ ಇದ್ದೀತೇ? ಕಾಕಾನನ್ನು ಕರೆಸಿದರು. ನಾನೂ ಪ್ರಿನ್ಸಿಪಾಲರ ಕೋಣೆಯಲ್ಲಿದ್ದೆ, ಯಾಕೆಂದರೆ ಅಧ್ಯಕ್ಷರ ಭಾಷಣದ ಕನ್ನಡ ತಿದ್ದಲು ನನ್ನನ್ನೂ ಕರೆಸಿದ್ದರು.

“ಮೊದಲಿನಂಗ ಬೋರ್ಡ್ ಮ್ಯಾಲ ಒಂದ ಪಾಸ್‌ವರ್ಡ್ ಹಚ್ಚ್ರಿ. ಈ ಪರಿಶೀಲನಾ ಗಿರಿಶೀಲನಾ ತಗೀರಿ.”

“ತಗ್ಯೂದಿಲ್ರಿ ಸಾಹೇಬ್ರ.”

“ಗುರುವಾರ ತಪಾಸಣಾ ಸಮಿತಿ ಬರಾಕತ್ತೈತಿ. ಅವರ ಫೋನಿಗೂ ಸರ್ಟಿಫಿಕೇಟ ಕೇಳತೀರೇನು?”

“ಅವರ ಫೋನಿಗಿ ಕೇಳೂದಿಲ್ರಿ. ಅವರ ಫೋನ್ ನಮಗ ಕೇಳತೈತಿ. ಕೇಳಬೇಕ್ರಿ. ತಪಾಸಣಾಕ್ಕ ಬಂದಾವ್ರ ತಪಾಸ ಮಾಡಲಿಲ್ಲಂದ್ರ ಹ್ಯಾಂಗ?”

ಅಧ್ಯಕ್ಷರು, “ಬುಧವಾರ ಮಧ್ಯಾಹ್ನ ಒಂದಕ್ಕ ನಾ ಮತ್ತ ಬರತೇನಿ. ಅಷ್ಟರಾಗ ನನ್ನ ಫೋನ್ ಹತ್ತಬೇಕು, ನೀವು ಎದುರಿಗಿರಬೇಕು. ಇಲ್ಲಂದ್ರ ನಿಮ್ಮನ್ನ ಹುಕ್ಕೇರಿಗಿ ಹಾಕತೇನಿ, ಅಲ್ಲಿ ಗ್ರಂಥಾಲಯದಾಗ ಪುಸ್ತಕ ಪರಿಶೀಲಿಸ್ರಿ” ಎಂದರು.

ಅಣ್ಣನ ಕರೆಯನ್ನೇ ಕತ್ತರಿಸಿದ ಧೀರ, ಅಧ್ಯಕ್ಷರಿಗೇ ‘ತಗ್ಯೂದಿಲ್ರಿ’ ಎಂದ ವೀರ, ಹುಕ್ಕೇರಿ ಎಂಬ ಹೆಸರು ಕೇಳಿ ಬಿಳಿಚಿಕೊಂಡುಬಿಟ್ಟರು. ನನಗೆ ನಗು ಬಂತು. ಹುಕ್ಕೇರಿ ಏನು ಅಂಡಮಾನೇ? ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ಒಳ್ಳೆಯ ಊರು, ಒಳ್ಳೆಯ ಜನ.

“ಹುಕ್ಕೇರಿಗಿ ಹೋದ್ರ ಏನಾಗತೈತಿ ಕಾಕಾ?” ಎಂದು ಹೊರಗೆ ಬಂದ ಮೇಲೆ ಕೇಳಿದೆ.

“ಒಂದಕ್ಕ ಮನಿಗಿ ಬರಾಕ ಆಗೂದಿಲ್ಲವಾ.”

ಇಷ್ಟೇ! ಈ ಒಂದು ಗಂಟೆಯ ವಿಷಯ ಸ್ಟಾಫ್ ರೂಮಿಗೆಲ್ಲ ಗೊತ್ತಿತ್ತು. ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಅರ್ಧ ವಾಕ್ಯ ಹೇಳಿರುವಾಗಲೇ ಒಂದಕ್ಕೆ ಐದು ನಿಮಿಷವಿದೆ ಎಂದು ಎದ್ದು ಹೋಗಿ, ಎರಡು ಗಂಟೆಗೆ ಬಂದು ಉಳಿದರ್ಧ ವಾಕ್ಯ ಕೇಳಿದವರು ಅವರು. ಅವರು ಎದ್ದು ಹೋದರೆ ಸಾಕು, ಇತಿಹಾಸದ ಮಾಸ್ತರರು “ಬಿಸಿ ರೊಟ್ಟಿ ಎಳ್ಯಾಕತ್ತಾವ್ರಿ” ಎನ್ನುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ನನಗಂತೂ ಈ ರೊಟ್ಟಿಯ ಮೇಲೆ ಬೇರೆಯೇ ಸಿಟ್ಟಿತ್ತು. ಎರಡು ವರ್ಷದಿಂದ ಅದೇ ಊರಿನಲ್ಲಿ ದುಡಿಯುತ್ತಿದ್ದೇನೆ, ಕಾಕಾ ಒಂದು ದಿನ, “ಬಾರವಾ, ಮನ್ಯಾಗ ಒಂದ ತುತ್ತ ಉಂಡ ಹೋಗು” ಎಂದವರಲ್ಲ. ಒಮ್ಮೆ ನಾನೇ ಹೋದರೆ ಗೇಟಿನಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದರು. ಕಾಕು, ಅಂದರೆ ಕಾಕಾನ ಹೆಂಡತಿ, ನಾನು ಸಣ್ಣವಳಿದ್ದಾಗ ನನ್ನ ತಲೆ ಬಾಚಿದವಳು. ಅವಳಾದರೂ ಹೊರಗೆ ಬರಬಾರದೇ? ಕಾಕುಗೆ ಈಚೆಗೆ ಮರೆವು ಎಂದು ಅವ್ವ ಹೇಳುತ್ತಿದ್ದಳು. ಮರೆವು ಯಾರಿಗಿಲ್ಲ? ನಾನೇ ಈ ವರ್ಷ ಬಸ್ಸಿನಲ್ಲಿ ನಾಲ್ಕು ಕೊಡೆ ಬಿಟ್ಟಿದ್ದೇನೆ.

ಇರಲಿ. ಅಧ್ಯಕ್ಷರು ಹೊರಟ ಮೇಲೆ ಕಾಕಾ ನನ್ನ ಕೈ ನೋಡಿದರು. ನನ್ನ ಕೈಯಲ್ಲೂ ಈಚೆಗಷ್ಟೇ ಕೊಂಡ ಹೊಸ ಫೋನಿತ್ತು.

“ಇದು ಬೇಕವಾ. ನನ್ನ ಕಂಪ್ಯೂಟರನ್ಯಾಗ ಎಲ್ಲಾ ಬರೋಬರಿ ನಡದೈತಿ. ಏನೂ ಗೊತ್ತಿಲ್ಲದ್ದು ಒಂದ ಬೇಕು.”

“ಫೋನೋ ನಾನೋ?”

“ಎರಡೂ.”

ಹೀಗೆ ಮಂಗಳವಾರ ಬೆಳಿಗ್ಗೆ ಮೂಡಲಗಿಯ ಕಾಲೇಜಿಗೆ ತಪಾಸಣೆಗೆ ಹೋದೆವು. ಅಲ್ಲಿ ಒಬ್ಬ ಗುಮಾಸ್ತರ ಫೋನಿನಲ್ಲಿ ತಾರೀಖು ಎರಡು ವರ್ಷ ಹಿಂದಿತ್ತು. ಅವರು ಆಡುವ ಯಾವುದೋ ಆಟದ ಪುಕ್ಕಟೆ ಅವಧಿ ಮುಗಿಯದಿರಲಿ ಎಂದು ಹಾಗೆ ಇಟ್ಟುಕೊಂಡಿದ್ದರು. “ನಿಮ್ಮ ಫೋನಿನ ಲೆಕ್ಕದಾಗ ನಮ್ಮ ಸರ್ಟಿಫಿಕೇಟ ಇನ್ನೂ ಹುಟ್ಟೇ ಇಲ್ರಿ” ಎಂದು ಕಾಕಾ ತಾರೀಖು ಸರಿಮಾಡಿಸಿದರು. ಆದರೂ ಹತ್ತಲಿಲ್ಲ. ಇನ್ನೊಬ್ಬರು ಸರ್ವರಿನ ಹೆಸರು ಬರೆಯಬೇಕಾದಲ್ಲಿ ಭಕ್ತಿಯಿಂದ ಮನೆದೇವರ ಹೆಸರು ಬರೆದಿದ್ದರು. ಅದನ್ನೂ ತಿದ್ದಿದರು. ಹತ್ತಲಿಲ್ಲ. ಸರ್ಟಿಫಿಕೇಟಿಗೆ ಮೂಲ ಸಹಿ ಹಾಕುವ ದೊಡ್ಡ ಕಂಪನಿಯ ಗುರುತು ಪ್ರತಿ ಫೋನಿನಲ್ಲೂ ಹುಟ್ಟುವಾಗಲೇ ಇರುತ್ತದಂತೆ, ಅದು ಇದೆಯೋ ಎಂದು ನೋಡಿದರು. ಇತ್ತು. ಹತ್ತಲಿಲ್ಲ! ಹನ್ನೊಂದೂವರೆಗೆ ಗಡಿಯಾರ ನೋಡಿ, “ನಡಿಯವಾ, ಬಸ್ಸ ತಪ್ಪತೈತಿ” ಎಂದು ಎದ್ದರು. ನೌಕರಿ ತಪ್ಪುವ ಹೊತ್ತಿನಲ್ಲೂ ರೊಟ್ಟಿ ತಪ್ಪಬಾರದು.

ಬುಧವಾರ ಬೆಳಿಗ್ಗೆ ಹುಕ್ಕೇರಿ. ಅಲ್ಲಿನ ಕಾಲೇಜಿನ ಗೇಟಿಗೆ ವಯಸ್ಸಾದ ಹೆಂಗಸೊಬ್ಬರು ಕಾವಲಿದ್ದರು, ಎಲ್ಲರೂ ಅವರನ್ನು ಮಾವಶಿ ಎನ್ನುತ್ತಾರೆ. ಕೈಯಲ್ಲಿ ಕೋಲು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಯಾರನ್ನೂ ಬಿಡದ ಕಳೆ. ನನಗೆ ಎಲ್ಲೋ ನೋಡಿದ ಕಳೆ ಎನ್ನಿಸಿತು.

“ಯಾರ್ರಿ ನೀವು?” ಎಂದರು ಮಾವಶಿ.

“ನಾ ಗೋಕಾಕ ಕಾಲೇಜಿನಾಂವ್ರಿ. ಈ ವೈಫೈ ನಂದ ರಿ.”

“ಎಲ್ಲಾರೂ ಹಂಗ ಅಂತಾರ.”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕಾಕಾ ಐಡಿ ಕಾರ್ಡು ತೋರಿಸಿದರು. ಮಾವಶಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

“ಇದು ನಿಮ್ಮ ಕಾರ್ಡ್, ನೀವ ತಂದೀರಿ. ಯಾರ ಪೈಕಿ ನೀವು?”

“ಅಲ್ರೀ ಮಾವಶಿ, ನಿಮ್ಮ ಅಧ್ಯಕ್ಷರ ನಮಗೂ ಅಧ್ಯಕ್ಷರು!”

“ಸಾಹೇಬ್ರನ್ನ ನಾ ಬಲ್ಲೆ. ನಿಮ್ಮನ್ನ ಬಲ್ಲೇನೇನು? ಸಾಹೇಬ್ರು ನಿಮ್ಮ ಬೆನ್ನ ಹಿಂದ ನಿಂತಾರೇನು? ಇಲ್ಲ. ಅವರಿಗೂ ನಿಮಗೂ ನಡುವಿನಾವ್ರು ಒಬ್ರು ಇರತಾರಲ್ರಿ, ಅವರ್ಯಾರು? ಅವರನ್ನ ಕರಕೊಂಡ ಬರ್ರಿ, ಬಿಡತೇನಿ.”

ಧುಪದಾಳದ ಆ ಹಿರಿಯರು ಇದನ್ನು ನೋಡಬೇಕಿತ್ತು! ನಾನು ಮನಸಾರೆ ಆನಂದಪಡುತ್ತಿದ್ದೆ. ಅಷ್ಟರಲ್ಲಿ ಕಾಕಾ ಮಾವಶಿಗೆ ಕೈಮುಗಿದರು.

“ಖರೆ ಐತ್ರಿ. ನಡುವಿನಾಂವ ಇಲ್ಲ. ಅಂವನ್ನ ನಾನ ಹೊರಗ ಹಾಕೇನಿ.”

ಎಂದವರೇ ಒಳಗೆ ಹೋಗಲೂ ಇಲ್ಲ, ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಮಾವಶಿ ನನ್ನನ್ನು ನೋಡಿ, “ತಲಿ ಬರೋಬರಿ ಐತೇನ ಅವರದು?” ಎಂದರು. ನಾನು ಕಾಕಾನ ಹಿಂದೆ ಓಡಿದೆ.

ಬಸ್ಸಿನಲ್ಲಿ ಕಾಕಾ ಹೇಳಿದ್ದು ಇಷ್ಟು. ಹೊಸ ಸರ್ಟಿಫಿಕೇಟಿನ ಜೊತೆ ಕಂಪನಿಯವರು ಇನ್ನೊಂದು ಕಡತ ಕಳಿಸಿದ್ದರು. ದೊಡ್ಡ ಕಂಪನಿ ನೇರವಾಗಿ ನಮ್ಮಂಥವರಿಗೆ ಸಹಿ ಹಾಕುವುದಿಲ್ಲ, ನಡುವೆ ಒಬ್ಬ ಅಧಿಕಾರಿಯನ್ನು ಇಟ್ಟಿರುತ್ತದೆ. ದೊಡ್ಡವನು ನಡುವಿನವನಿಗೆ ಸಹಿ ಹಾಕುತ್ತಾನೆ, ನಡುವಿನವನು ನಮಗೆ ಹಾಕುತ್ತಾನೆ. ಆ ನಡುವಿನವನ ಸರ್ಟಿಫಿಕೇಟನ್ನೂ ಸರ್ವರಿನಲ್ಲಿ ಇಡಬೇಕು, ಆಗಲೇ ಫೋನಿಗೆ ಸಂಬಂಧ ಹತ್ತುವುದು. ಕಾಕಾ ಆ ಕಡತ ನೋಡಿ, “ಇಂವ ಯಾಂವ? ನಾವು ಕೇಳಿದ್ದು ನಮ್ಮದು. ಗುರ್ತಿಲ್ಲದಾವನ್ನ ಒಳಗ ಯಾಕ ಬಿಟ್ಕೋಬೇಕು?” ಎಂದು ತೆಗೆದು ಹಾಕಿದ್ದರು! ಅವರ ಕಂಪ್ಯೂಟರಿನಲ್ಲಿ ಹೋದ ವರ್ಷ ಬಂದಿದ್ದ ನಡುವಿನವನ ಗುರುತು ನೆನಪಿನಲ್ಲಿ ಉಳಿದಿದ್ದರಿಂದ ಅಲ್ಲಿ ಮಾತ್ರ ಎಲ್ಲ ಸರಿ ಇತ್ತು. ಮೂರು ಊರಿನ ಫೋನುಗಳು ‘ಯಾರ ಪೈಕಿ?’ ಎಂದು ಕೇಳಿದ್ದವು. ಊರಿಗೆಲ್ಲ ಅದೇ ಪ್ರಶ್ನೆ ಕೇಳುವ ಮನುಷ್ಯನ ಸರ್ವರು ಉತ್ತರವಿಲ್ಲದೆ ನಿಂತಿತ್ತು.

ಹನ್ನೆರಡೂವರೆಗೆ ಗೋಕಾಕ ತಲುಪಿದೆವು. ಕಾಕಾ ಸರ್ವರ್ ಕೋಣೆಗೆ ಹೋಗಿ, ಎಸೆದಿದ್ದ ಕಡತವನ್ನು ಹುಡುಕಿ, ನಮ್ಮದರ ಪಕ್ಕಕ್ಕೆ ಅದನ್ನು ಕೂಡಿಸಿ, ಸರ್ವರನ್ನು ಆರಿಸಿ ಹಚ್ಚಿದರು. ನನ್ನ ಫೋನು ಒಂದು ಕ್ಷಣ ಯೋಚಿಸಿತು. ಹತ್ತಿತು! ಪ್ರಿನ್ಸಿಪಾಲರದೂ ಹತ್ತಿತು. ಹುಕ್ಕೇರಿಯಿಂದ, ಮೂಡಲಗಿಯಿಂದ ಫೋನಿನ ಮೇಲೆ ಫೋನು. ಇತಿಹಾಸದ ಮಾಸ್ತರರು ಕಾಕಾನ ಬೆನ್ನು ತಟ್ಟಿದರು. ಪ್ರಿನ್ಸಿಪಾಲರು ತಾವೇ ರಿಪೇರಿ ಮಾಡಿದವರಂತೆ ಕೈ ಒರೆಸಿಕೊಂಡರು. ಇನ್ನೇನು, ಅಧ್ಯಕ್ಷರು ಬಂದು ನೋಡುವುದಷ್ಟೇ ಬಾಕಿ. ಅವರ ಕಾರು ಊರಿನೊಳಗೆ ಬಂತೆಂದು ಸುದ್ದಿಯೂ ಬಂತು.

ಕಾಕಾ ಗಡಿಯಾರ ನೋಡಿದರು. ಒಂದಕ್ಕೆ ಐದು ನಿಮಿಷ. ಎದ್ದರು.

“ಕಾಕಾ! ಎಲ್ಲಿಗಿ?”

“ಮನಿಗಿ.”

“ಹತ್ತ ನಿಮಿಷ ಕೂಡ್ರಿ! ನೀವ ಎದುರಿಗಿರಬೇಕಂತ ಸಾಹೇಬ್ರ ಬಾಯಿಬಿಟ್ಟ ಹೇಳ್ಯಾರ. ಹುಕ್ಕೇರಿಗಿ ಹಾಕತಾರ್ರಿ!”

“ಹಾಕಲಿ. ಈಗ ಒಂದ ಆತು.”

ಚಪ್ಪಲಿ ಮೆಟ್ಟಿಕೊಂಡು ಹೋಗಿಯೇಬಿಟ್ಟರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಎರಡು ದಿನ ಬಸ್ಸಿನಲ್ಲಿ ಕುಲುಕಿದ ಸೊಂಟದ ನೋವೆಲ್ಲ ತಲೆಗೇರಿತು. ಒಂದು ರೊಟ್ಟಿಗಾಗಿ ಹೀಗೆ ಯಾರಾದರೂ ನೌಕರಿ ಕೆಡಿಸಿಕೊಳ್ಳುತ್ತಾರೆಯೇ? ಅಧ್ಯಕ್ಷರು ಬಂದು, ಫೋನು ತೆಗೆದು, ಅದು ತಾನಾಗಿ ಹತ್ತಿದ್ದನ್ನು ನೋಡಿ ಹಿಗ್ಗಿ, ಕಾಕಾನನ್ನೂ ಮರೆತು, ವರ್ಗಾವಣೆಯ ಕಾಗದವನ್ನೂ ಜೇಬಿನಲ್ಲೇ ಮರೆತು ಹೋದರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿನಲ್ಲಿ ನಾನು ಕಾಕಾನನ್ನು ಎಳೆದುಕೊಂಡು ಬರಲೆಂದು ಬಿಸಿಲಿನಲ್ಲಿ ಅವರ ಮನೆಯ ಓಣಿಗೆ ಓಡುತ್ತಿದ್ದೆ.

ಗೇಟು ತೆರೆದೇ ಇತ್ತು. ಕಟ್ಟೆಯ ಮೇಲೆ ಬಾಜೂ ಮನೆಯ ಒಬ್ಬ ಹೆಂಗಸು ಕುಳಿತಿದ್ದವಳು ಕಾಕಾ ಬಂದದ್ದನ್ನು ನೋಡಿ ಎದ್ದಳು. ನನ್ನ ಹತ್ತಿರ ಬಂದು ಮೆಲ್ಲಗೆ, “ಅಕ್ಕಾರು ಬ್ಯಾರೆ ಯಾರಿಗೂ ಅಗಳಿ ತಗ್ಯೂದಿಲ್ರಿ. ಇವರ ಬಂದ ಉಣಿಸಿದ್ರ ಉಣತಾರ, ಇಲ್ಲಂದ್ರ ಹಂಗ ಕುಂದರತಾರ” ಎಂದು ಹೇಳಿ ಹೋದಳು. ನಾನು ಗೇಟಿನಲ್ಲೇ ನಿಂತೆ.

ಕಾಕಾ ಚಪ್ಪಲಿ ಬಿಟ್ಟು ಬಾಗಿಲನ್ನು ಎರಡು ಸಲ ಬಡಿದರು.

“ಯಾರ್ರಿ?” ಒಳಗಿನಿಂದ ಕಾಕುವಿನ ದನಿ.

“ನಾನ್ರಿ.”

“ನಾ ಅಂದ್ರ ಯಾರು? ಯಾರ ಪೈಕಿ?”

“ಇಲ್ಲೇ ಕಾಲೇಜಿನ್ಯಾಗ ಕೆಲಸ ಮಾಡತೇನ್ರಿ.”

“ನಂಗ ಗೊತ್ತಿಲ್ರಿ.”

“ನಮ್ಮಣ್ಣ ಮೂಡಲಗ್ಯಾಗ ಇರತಾನ್ರಿ.”

“ಗೊತ್ತಿಲ್ರಿ.”

ಕಾಕಾ ಅವಸರ ಮಾಡಲಿಲ್ಲ. ಬಿಸಿಲು ನೇರ ನೆತ್ತಿಗೆ ಹೊಡೆಯುತ್ತಿತ್ತು.

“ಮಸಗುಪ್ಪಿ ಊರಿನ ಶಿವಪ್ಪ ಗೊತ್ತೇನ್ರಿ? ಶಿವಪ್ಪನ ಖಾಸ ದೋಸ್ತ ನಾ.”

“ಶಿವಪ್ಪ…” ಒಳಗೆ ಬಳೆಯ ಸದ್ದಾಯಿತು. “ಶಿವಣ್ಣ ನಮ್ಮಣ್ಣ ಅದಾನ.”

“ಹೌದಲ್ರಿ. ಶಿವಪ್ಪನ ಅಪ್ಪ ಬಾಳಪ್ಪಜ್ಜ. ಕೆನಾಲ್ ಬಾಜೂ ಹೊಲ. ಆ ಬಾಳಪ್ಪಜ್ಜನ ಅಳ್ಯಾ ನಾ.”

“ನಮ್ಮಪ್ಪನ ಅಳ್ಯಾ?”

“ಹೂಂ ರಿ.”

“ನಮ್ಮಪ್ಪ ಒಪ್ಯಾನೇನು?”

“ಒಪ್ಯಾನ್ರಿ. ತನ್ನ ಕೈಲೇ ನಿಮ್ಮ ಕೈ ಹಿಡದ ನನ್ನ ಕೈಯಾಗ ಕೊಟ್ಟಾನ.”

ಅಗಳಿ ಸರಿಯಿತು, ಆದರೆ ಬಾಗಿಲು ತೆರೆಯಲಿಲ್ಲ. ಕಾಕಾ ಬಾಗಿಲಿಗೆ ಹಣೆ ಹಚ್ಚಿ, ನಾನು ಅವರ ಬಾಯಲ್ಲಿ ಎಂದೂ ಕೇಳದ ದನಿಯಲ್ಲಿ, “ಈಗ ನೀವು ಹೇಳ್ರಿ. ನಾ ಖರೆ ನಮ್ಮ ಮನೀಗೇ ಬಂದೇನೋ ಇಲ್ಲೋ, ನಂಗೂ ಖಾತ್ರಿ ಆಗಬೇಕಲ್ರಿ” ಎಂದರು.

ಒಳಗೆ ಕಾಕು ನಕ್ಕಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಒಡಪು ಎಂಬ ಎರಡು ಸಾಲಿನ ಪ್ರಾಸದಲ್ಲಿ ಇಟ್ಟು ಹೇಳುತ್ತಾರೆ. ಹೊಸ ಮದುಮಗಳು ಹೊಸ್ತಿಲಲ್ಲಿ ನಿಂತು ಹೇಳುವ ಹಾಗೆ, ಒಂದು ಅಕ್ಷರವೂ ತಡವರಿಸದೆ, ಕಾಕು ಹೇಳಿದಳು:

“ಹಿಡಕಲ್ ನೀರಿಗಿ ಹಸರಾತು ನಮ್ಮಪ್ಪನ ಹೊಲದಾಗಿನ ತೆನಿ,
…… ಅವರ ಹೆಸರ ಹೇಳತೇನಿ, ಬರ್ರಿ, ಇದು ನಿಮ್ಮ ಮನಿ.”

ಚುಕ್ಕೆ ಇಟ್ಟಲ್ಲಿ ಕಾಕಾನ ಹೆಸರಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಹೇಳುವ ಹಕ್ಕು ಅವಳೊಬ್ಬಳದು.

ಎರಡು ವರ್ಷ ನಕ್ಕಿದ್ದಕ್ಕೆ ನನಗೆ ಬಹಳ ನಾಚಿಕೆಯಾಯಿತು. ಸದ್ದಿಲ್ಲದೆ ಹಿಂದಿರುಗೋಣ ಎನ್ನುವಷ್ಟರಲ್ಲಿ ಬಾಗಿಲು ತೆರೆದ ಕಾಕು ನನ್ನನ್ನು ನೋಡಿದಳು. ತಲೆ ಬಾಚಿ, ಎರಡು ಜಡೆ ಹಾಕಿ ನನ್ನನ್ನು ಸಾಲೆಗೆ ಕಳಿಸಿದ ಅದೇ ಮುಖ. ನನ್ನ ಗುರುತು ಅದರಲ್ಲಿ ಇರಲಿಲ್ಲ. ಅವಳ ಕೈ ಮತ್ತೆ ಬಾಗಿಲ ಕಡೆ ಹೋಯಿತು.

“ಇಕಿ ಯಾರ್ರಿ? ಯಾರ ಪೈಕಿ?”

ಕಾಕಾ ಹಿಂದೆ ತಿರುಗಿದರು. ನಾನು ಪರೀಕ್ಷೆಗೆ ತಯಾರಾದೆ: ಅಪ್ಪನ ಹೆಸರು, ಅಜ್ಜನ ಹೆಸರು, ಮುರಿಯದ ಕಾಲಿನ ಕಥೆ. ಕಾಕಾ ಏನೂ ಕೇಳಲಿಲ್ಲ.

“ನಮ್ಮ ಪೈಕಿ ಅದಾಳ. ಒಳಗ ಬರಲಿ ಬಿಡ್ರಿ.”

ಕಾಕು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಮೂವರೂ ಉಣ್ಣಲು ಕುಳಿತೆವು. ಬುಟ್ಟಿಯಲ್ಲಿದ್ದ ರೊಟ್ಟಿ ತಣ್ಣಗಿದ್ದವು. ಬೆಳಿಗ್ಗೆ ಐದಕ್ಕೆ ಎದ್ದು ಕಾಕಾನೇ ಬಡಿದಿಟ್ಟಿದ್ದರು.